ತಾರಸಿಯ ಪೈಪನ್ನು ಚೇಂಬರಿನಿಂದ ಬಿಡಿಸಿದ ಮೇಸ್ತ್ರಿಗೆ ಐದಕ್ಕೆ ನಾಲ್ಕು

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದನ್ನು ಕಡಿದದ್ದು ಅಂಗಳದ ಟೈಲ್ಸಿಗೆ, ಮತ್ತು ಸೊಂಟ ಬಗ್ಗಿಸಿ ತಿರುಗಿಸಬೇಕಾದ ಒಂದು ವಾಲ್ವಿಗೆ. ಅದರ ದೂರು ಮುಂದೆ ಬರುತ್ತದೆ.

ಮಾಡಿಸಿದ ಕೆಲಸ ಇಷ್ಟು: ತಾರಸಿಯಿಂದ ಇಳಿಯುವ ಮಳೆನೀರಿನ ಪೈಪುಗಳನ್ನು ಒಳಚರಂಡಿಯ ಚೇಂಬರಿನಿಂದ (ಮನೆಯ ಕೊಳಚೆ ಪೈಪುಗಳು ಬಂದು ಸೇರುವ ಮುಚ್ಚಳದ ಗುಂಡಿಯಿಂದ) ಬಿಡಿಸಿ, ಆ ನೀರಿಗೆ ಬೇರೆ ದಾರಿ ಮಾಡುವುದು. ಮಾಡಿದವರು ಒಬ್ಬ ಪ್ಲಂಬರ್ ಮೇಸ್ತ್ರಿ ಮತ್ತು ಅವರ ಅಳಿಯ. ಇವರಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ, ಕಂಪನಿಯ ಹೆಸರೂ ಇಲ್ಲ. ಕಾರ್ಡ್ ಕೇಳಿದರೆ ಹಾರ್ಡ್‌ವೇರ್ ಅಂಗಡಿಯ ರಸೀದಿಯ ಹಿಂಬದಿಯಲ್ಲಿ ನಂಬರ್ ಬರೆದುಕೊಡುತ್ತಾರೆ. ಆ ನಂಬರನ್ನು ಇಲ್ಲಿ ಹಾಕುವುದಿಲ್ಲ. ಬೇಕಾದವರು ನಿಮ್ಮ ಬಡಾವಣೆಯಲ್ಲೇ ಇಂಥವರನ್ನು ಹುಡುಕಿಕೊಳ್ಳಬಹುದು. ಹುಡುಕುವಾಗ ಏನು ಕೇಳಬೇಕು, ಏನು ನೋಡಬೇಕು ಎಂಬುದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಮನೆ ಬೆಂಗಳೂರಿನ ಬನಶಂಕರಿ 3ನೇ ಹಂತದಿಂದ ಹೊಸಕೆರೆಹಳ್ಳಿಯ ಕಡೆಗೆ ಇಳಿಯುವ ಬೀದಿಯೊಂದರ ಮೇಲ್ತುದಿಯಲ್ಲಿದೆ. ಮೂವತ್ತು ನಲವತ್ತು ಅಡಿ ನಿವೇಶನದಲ್ಲಿ ಮಾವನವರು ಕಟ್ಟಿಸಿದ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಎಂಥ ಮಳೆ ಬಂದರೂ ನಮ್ಮ ಹೊಸ್ತಿಲಿಗೆ ನೀರು ಬಂದದ್ದಿಲ್ಲ. ಬರುವುದೆಲ್ಲ ಕೆಳಗಿನವರಿಗೆ. 2020ರ ಅಕ್ಟೋಬರ್ 23ರ ಸಂಜೆ ಹೊಸಕೆರೆಹಳ್ಳಿಯ ದತ್ತಾತ್ರೇಯನಗರದಲ್ಲಿ ರಾಜಕಾಲುವೆ ಉಕ್ಕಿ ಮನೆಗಳಿಗೆ ನುಗ್ಗಿದ್ದನ್ನು ಟಿ.ವಿ.ಯಲ್ಲಿ ಊರೆಲ್ಲ ನೋಡಿತು. ಕಾರುಗಳು ತೇಲಿ ಹೋದವು. ಮರುದಿನ ಎಲ್ಲರೂ ಪಾಲಿಕೆಯನ್ನು ಬೈದರು, ಒತ್ತುವರಿಯನ್ನು ಬೈದರು; ಬೈಯಬೇಕಾದದ್ದೇ. ಆದರೆ ಆ ಕಾಲುವೆಗೂ ಅದರ ಪಕ್ಕದ ಒಳಚರಂಡಿಗೂ ಬಿದ್ದ ನೀರು ಎಲ್ಲಿಯದು? ಒಂದು ಪಾಲು ನಮ್ಮಂಥ ದಿಬ್ಬದ ಮನೆಗಳ ತಾರಸಿಯದು.

ಬೆಂಗಳೂರಿನಲ್ಲಿ ಕೊಳಚೆಗೂ ಮಳೆನೀರಿಗೂ ಬೇರೆ ಬೇರೆ ದಾರಿಗಳಿವೆ, ಕಾಗದದ ಮೇಲಾದರೂ ಇವೆ. ಬಚ್ಚಲು, ಅಡುಗೆಮನೆ, ಶೌಚಾಲಯದ ನೀರು ಜಲಮಂಡಳಿಯ ಒಳಚರಂಡಿಗೆ. ಮಳೆನೀರು ರಸ್ತೆ ಬದಿಯ ಮೋರಿಗೆ, ಅಲ್ಲಿಂದ ರಾಜಕಾಲುವೆಗೆ. ಮಳೆನೀರನ್ನು ಒಳಚರಂಡಿಗೆ ಬಿಡಬಾರದು ಎಂದು ಜಲಮಂಡಳಿ ಹೇಳುತ್ತಲೇ ಬಂದಿದೆ. ಆದರೂ ಮನೆ ಕಟ್ಟುವ ಗುತ್ತಿಗೆದಾರನಿಗೆ ಎಲ್ಲಕ್ಕಿಂತ ಹತ್ತಿರ ಸಿಗುವ ಗುಂಡಿ ಚೇಂಬರ್. ಹತ್ತಡಿ ಪೈಪು ಉಳಿಯುತ್ತದೆ, ಅಂಗಳ ಒಣಗಿರುತ್ತದೆ, ಮನೆಯವರಿಗೂ ಖುಷಿ.

ಜೀವಮಾನವೆಲ್ಲ ಲೆಕ್ಕಪತ್ರ ವಿಭಾಗದಲ್ಲಿ ಕೂತವಳು ನಾನು. ಲೆಕ್ಕ ಹಾಕದಿದ್ದರೆ ನಿದ್ದೆ ಬಾರದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ತಾರಸಿ ಸುಮಾರು 900 ಚದರ ಅಡಿ, ಎಂದರೆ 84 ಚದರ ಮೀಟರಿನ ಹತ್ತಿರ. ಮುಂಗಾರಿಗೆ ಮುಂಚಿನ ಗುಡುಗು ಮಳೆ ಅರ್ಧ ಗಂಟೆಯಲ್ಲಿ 30 ಮಿ.ಮೀ. ಸುರಿದರೆ 2,500 ಲೀಟರ್. ಎರಡೂ ಮನೆ ಸೇರಿ ನಾವು ಏಳು ಜನ. ನಗರದ ನೀರಿನ ಲೆಕ್ಕದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿಯುತ್ತಾರೆ, ಅದರಲ್ಲಿ ಶೇ 80ರಷ್ಟು ಚರಂಡಿಗೆ ಹೋಗುತ್ತದೆ ಎನ್ನುತ್ತಾರೆ. ಹಾಗೆ ನೋಡಿದರೆ ಏಳು ಜನ ಮೂರು ದಿನ ಮಿಂದು, ಒಗೆದು, ತೊಳೆದು ಬಿಡುವಷ್ಟು ನೀರನ್ನು ನಮ್ಮ ತಾರಸಿಯೊಂದೇ ಅರ್ಧ ಗಂಟೆಯಲ್ಲಿ ಚೇಂಬರಿಗೆ ಸುರಿಯುತ್ತಿತ್ತು. ಬೀದಿಯ ಎಲ್ಲ ಮನೆಗಳದ್ದನ್ನೂ ಕೂಡಿಸಿ. ಇಳಿಜಾರಿನ ಕೊನೆಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಏಳದೆ ಇನ್ನೇನಾದೀತು? ಅಲ್ಲಿ ಉಕ್ಕುವುದು ಬರೀ ಮಳೆನೀರಾಗಿದ್ದರೆ ಒಂದು ಮಾತು. ಅದು ಎಲ್ಲರ ಮನೆಯ ಕೊಳಚೆಯನ್ನೂ ಹೊತ್ತು, ಕೆಳಮನೆಯವರ ಬಚ್ಚಲಿನ ಜಾಲರಿಯಿಂದ ಮೇಲೆ ಬರುತ್ತದೆ.

ಮೇಸ್ತ್ರಿ ಸಿಗುವ ಮೊದಲು ಒಂದು ಕಂಪನಿಯವರಿಗೆ ಫೋನ್ ಮಾಡಿದ್ದೆ. ಹೆಸರು ಬೇಡ. ಮನೆಯ ಅಳತೆ ಕೇಳಿದರು, ಪೈಪು ಎಷ್ಟು ಎಂದು ಕೇಳಿದರು, ಸಂಜೆಯೊಳಗೆ ಮೊಬೈಲಿಗೆ ಅಂದಾಜು ಪಟ್ಟಿ ಬಂತು. ಎಲ್ಲ ಪೈಪನ್ನೂ ಒಂದಕ್ಕೊಂದು ಜೋಡಿಸಿ, ಫಿಲ್ಟರ್ ಹಾಕಿ, ನೆಲದಡಿಯ ನೀರಿನ ತೊಟ್ಟಿಗೆ, ಎಂದರೆ ಸಂಪಿಗೆ, ಬಿಡುವ ಯೋಜನೆ. ಬಣ್ಣಬಣ್ಣದ ಚಿತ್ರವೂ ಇತ್ತು. ಯಾರೂ ತಾರಸಿ ಹತ್ತಲಿಲ್ಲ, ಯಾರೂ ಚೇಂಬರಿನ ಮುಚ್ಚಳ ತೆಗೆಯಲಿಲ್ಲ. ‘ಒಮ್ಮೆ ಬಂದು ನೋಡಿ’ ಎಂದರೆ ಮುಂಗಡ ಕಟ್ಟಿದ ಮೇಲೆ ಎಂಜಿನಿಯರ್ ಬರುತ್ತಾರಂತೆ. ರೋಗಿಯ ನಾಡಿ ಹಿಡಿಯದೆ ಔಷಧಿ ಚೀಟಿ ಬರೆಯುವ ವೈದ್ಯರಂತೆ ಕಂಡರು. ಬಿಟ್ಟೆ.

ನಮ್ಮ ಮೇಸ್ತ್ರಿ ಬಂದವರು ಮೊದಲು ಕೇಳಿದ್ದು, ‘ಅಮ್ಮಾ, ಮನೆಯಲ್ಲಿ ಬಟ್ಟೆಗೆ ಹಾಕುವ ನೀಲಿ ಇದೆಯಾ?’ ಎಂದು. ಒಂದು ಬಕೆಟ್ ನೀರಿಗೆ ನೀಲಿ ಬೆರೆಸಿ ತಾರಸಿಯ ಒಂದೊಂದೇ ತೂತಿಗೆ ಸುರಿದರು. ಅಳಿಯ ಕೆಳಗೆ ಚೇಂಬರುಗಳ ಮುಚ್ಚಳ ತೆಗೆದು ಕೂತು ‘ಬಂತು’, ‘ಬರಲಿಲ್ಲ’ ಎಂದು ಕೂಗುತ್ತಿದ್ದ. ಮುಂದಿನ ಬಲಗಡೆಯ ಪೈಪು ಮುಖ್ಯ ಚೇಂಬರಿಗೆ ಸೇರಿತ್ತು. ಅದು ನಮಗೆ ಗೊತ್ತಿದ್ದದ್ದೇ. ಪೋರ್ಟಿಕೋ ಮೇಲಿನ ಸಣ್ಣ ಪೈಪೂ ಮೆಟ್ಟಿಲಿನ ಅಡಿಯಿಂದ ಅಲ್ಲಿಗೇ ಬರುತ್ತಿತ್ತು. ಹಿತ್ತಲಿನ ಪೈಪಿನದೇ ಸಮಸ್ಯೆ. ಅದರ ನೀಲಿ ಎಲ್ಲಿಯೂ ಕಾಣದೆ ಎಲ್ಲರೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಅದು ಬಚ್ಚಲಿನ ಹಿಂದೆ, ಒಗೆಯುವ ಕಲ್ಲಿನ ಕೆಳಗೆ ಮುಚ್ಚಿಹೋಗಿದ್ದ ಒಂದು ಹಳೆಯ ಚೇಂಬರಿನಲ್ಲಿ ಸಿಕ್ಕಿತು. ಹಾಗೊಂದು ಚೇಂಬರ್ ಇದೆ ಎಂಬುದೇ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಆಮೇಲೆ ಮೇಸ್ತ್ರಿ ತಾರಸಿಯ ಮೂಲೆಯಲ್ಲಿದ್ದ ವಾಷಿಂಗ್ ಮಷಿನ್ ನೋಡಿದರು. ಬಾಡಿಗೆಯವರದು. ಅದರ ನೀರು ಹೋಗುವ ಬೂದು ಬಣ್ಣದ ಪೈಪನ್ನು ಯಾರೋ ಮಳೆನೀರಿನ ಪೈಪಿಗೇ ‘ಟೀ’ ಎಂಬ ಮೂರು ಬಾಯಿಯ ತುಂಡು ಹಾಕಿ ಸೇರಿಸಿದ್ದರು. ‘ಇದನ್ನು ನೋಡದೆ ಈ ಪೈಪನ್ನು ಸಂಪಿಗೆ ತಿರುಗಿಸಿದ್ದರೆ ವಾರಕ್ಕೆ ಮೂರು ಸಲ ಸೋಪಿನ ನೀರು ಕುಡಿಯುತ್ತಿದ್ದಿರಿ’ ಎಂದರು, ನಗದೆ. ಆ ಬಣ್ಣಬಣ್ಣದ ಚಿತ್ರದ ಕಂಪನಿಯನ್ನು ನೆನೆದು ನನಗೆ ಬೆವರಿತು. ಪೈಪು ಕತ್ತರಿಸಲು ಗರಗಸ ಹಿಡಿದವರು ಯಾರಾದರೂ ಸಾಕು. ಆ ಪೈಪಿನೊಳಗೆ ಏನೇನು ಹರಿಯುತ್ತದೆ, ಕತ್ತರಿಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವುದಕ್ಕೇ ನಾವು ಕೂಲಿ ಕೊಡುವುದು. ಮಷಿನ್ನಿನ ನೀರಿಗೆ ಬೇರೆ ಪೈಪು ಇಳಿಸಿ ಒಳಚರಂಡಿಗೆ ಬಿಟ್ಟರು. ಅದು ಹೋಗಬೇಕಾದ ಜಾಗ ಅದೇ.

ಮೂರು ಪೈಪಿಗೆ ಮೂರು ದಾರಿ ಮಾಡಿದರು. ಹಿತ್ತಲಿನದಕ್ಕೆ ತಾರಸಿಯ ಅರ್ಧ ಭಾಗದ ನೀರು ಬರುತ್ತದೆ; ಅದನ್ನು ಪಕ್ಕದ ಗೋಡೆಗುಂಟ ಕ್ಲಾಂಪ್ ಹಾಕಿ ಮುಂದಕ್ಕೆ ತಂದು, ಗೋಡೆಗೆ ನಿಲ್ಲಿಸಿದ ಫಿಲ್ಟರ್ ಮೂಲಕ ಸಂಪಿಗೆ ಬಿಟ್ಟರು. ಮುಂದಿನ ಬಲಗಡೆಯದು ಕಾಂಪೌಂಡಿನ ಮೂಲೆಯಲ್ಲಿ ಹೊಸದಾಗಿ ತೋಡಿದ ಇಂಗುಬಾವಿಗೆ; ಸಂಪು ತುಂಬಿ ಹೆಚ್ಚಾದ ನೀರೂ ಅಲ್ಲಿಗೇ. ಪೋರ್ಟಿಕೋದ್ದು ಮಾತ್ರ ರಸ್ತೆಯ ಮೋರಿಗೆ. ಅದನ್ನೂ ಬಾವಿಗೆ ತಿರುಗಿಸಿ ಎಂದು ನಾನು ಪಟ್ಟು ಹಿಡಿದೆ. ಗೇಟಿನ ಕೆಳಗೆ ಕಾಂಕ್ರೀಟ್ ಒಡೆಯಬೇಕು, ಐದಾರು ಸಾವಿರ ಹೆಚ್ಚಾಗುತ್ತದೆ, ಬರುವ ನೀರು ಅಷ್ಟಿಲ್ಲ, ಮಳೆನೀರಿಗೆ ಮೋರಿಯೇ ಸರಿಯಾದ ದಾರಿ, ಕೊಳಚೆಯಿಂದ ಬಿಡಿಸಿದರೆ ಸಾಕು ಎಂದರು. ಹೆಚ್ಚಿನ ಕೆಲಸ ಬೇಡವೆಂದು ಹೇಳುವ ಕೆಲಸಗಾರನನ್ನು ಈ ಊರಿನಲ್ಲಿ ಕಂಡು ಬಹಳ ಕಾಲವಾಗಿತ್ತು.

ಮೈದುನನ ಮಗ ಟೊರಾಂಟೊದಲ್ಲಿದ್ದಾನೆ. ವಿಡಿಯೋ ಕರೆಯಲ್ಲಿ ಇದನ್ನೆಲ್ಲ ತೋರಿಸಿದಾಗ ‘ದೊಡ್ಡಮ್ಮ, ಇಲ್ಲಿ ಅದು ಕಾನೂನು’ ಎಂದ. ಅಲ್ಲಿನ ಹಳೆಯ ಭಾಗಗಳಲ್ಲಿ ಕೊಳಚೆಗೂ ಮಳೆಗೂ ಒಂದೇ ಕೊಳವೆಯಂತೆ. ಜೋರು ಮಳೆ ಬಂದರೆ ನೆಲಮಾಳಿಗೆಗಳಿಗೆ ನುಗ್ಗಿ, ಉಳಿದದ್ದು ಒಂಟಾರಿಯೊ ಸರೋವರಕ್ಕೆ ಹೋಗುತ್ತಿತ್ತು. 2007ರಲ್ಲಿ ನಗರಸಭೆ ನಿಯಮ ತಂದು, ಹಂತ ಹಂತವಾಗಿ 2016ರ ಹೊತ್ತಿಗೆ ಇಡೀ ನಗರದಲ್ಲಿ ಛಾವಣಿಯ ಪೈಪುಗಳನ್ನು ಚರಂಡಿಯಿಂದ ಬಿಡಿಸುವುದನ್ನು ಕಡ್ಡಾಯ ಮಾಡಿತು. ಬಿಡಿಸುವುದೂ ಸುಲಭ: ಪೈಪನ್ನು ನೆಲಕ್ಕಿಂತ ಮೇಲೆ ಕತ್ತರಿಸಿ, ಚರಂಡಿಯ ಬಾಯಿಗೆ ಮುಚ್ಚಳ ಬಡಿದು, ಎಲ್ಬೋ ಎಂಬ ಬಾಗಿದ ತುಂಡು ಹಾಕಿ ಹುಲ್ಲಿನ ಮೇಲೆ ಬಿಡುವುದು. ಅವನ ಮನೆಯ ಸುತ್ತ ಹುಲ್ಲಿದೆ. ನಮ್ಮ ಮನೆಯ ಪಕ್ಕದಲ್ಲಿ ಮೂರಡಿ ಓಣಿ, ಅದಕ್ಕೂ ಸಿಮೆಂಟು. ಎಲ್ಬೋ ಹಾಕಿ ಬಿಟ್ಟರೆ ನೀರು ಪಕ್ಕದ ಮನೆಯ ಪಾಯಕ್ಕೆ ಹೋಗಿ ಜಗಳ ಬಾಗಿಲಿಗೆ ಬರುತ್ತದೆ. ಆದ್ದರಿಂದ ಅಲ್ಲಿನ ವಿಡಿಯೋ ನೋಡಿ ಇಲ್ಲಿ ಗರಗಸ ಹಿಡಿಯಬೇಡಿ.

ಬಾವಿ ತೋಡಲು ಸರ್ಜಾಪುರ ಕಡೆಯಿಂದ ಇಬ್ಬರು ಮಣ್ಣು ವಡ್ಡರನ್ನು ಮೇಸ್ತ್ರಿಯೇ ಕರೆಸಿದ್ದರು. ಇವರ ಬಗ್ಗೆ ಪ್ರತ್ಯೇಕವಾಗಿ ಬರೆದರೂ ಸಾಲದು. ಮೂರಡಿ ಅಗಲದ ಗುಂಡಿಯೊಳಗೆ ಒಬ್ಬರು ಕೂತು ಮೊಳಕಾಲಿನ ನಡುವೆ ಅಗೆಯುತ್ತಾರೆ, ಇನ್ನೊಬ್ಬರು ಹಗ್ಗದಲ್ಲಿ ಬುಟ್ಟಿ ಎಳೆದು ಹೊರಗೆ ಸುರಿಯುತ್ತಾರೆ. ಅಗೆಯುವ ಮೊದಲು ಒಂದು ಹಿಡಿ ಮಣ್ಣು ತೆಗೆದು ಹಿಚುಕಿ ನೋಡಿ, ‘ಇದು ತುಂಬಿದ ಮಣ್ಣಲ್ಲ, ತೋಡಬಹುದು’ ಎಂದರು. ಹಳೆಯ ಕೆರೆಯಂಗಳದಲ್ಲಿ ಮಣ್ಣು ತುಂಬಿ ಕಟ್ಟಿದ ಬಡಾವಣೆಗಳಲ್ಲಿ, ನೆಲದ ನೀರು ಮೇಲೇ ನಿಂತಿರುವ ತಗ್ಗಿನಲ್ಲಿ, ಇಂಗುಬಾವಿ ಬರೀ ನಿಂತ ನೀರಿನ ಗುಂಡಿಯಾಗುತ್ತದಂತೆ. ಅಲ್ಲಿ ದುಡ್ಡು ಹಾಕಬೇಡಿ ಎಂದು ಅವರೇ ಹೇಳುತ್ತಾರೆ. ನಮ್ಮದು ದಿಬ್ಬ. ಕೆಮ್ಮಣ್ಣು ಮುಗಿದು ಪುಡಿಗಲ್ಲಿನಂಥ ಮಣ್ಣು ಸಿಕ್ಕಮೇಲೆ ಹದಿನೈದು ಅಡಿಗೆ ನಿಲ್ಲಿಸಿ, ತೂತಿರುವ ಸಿಮೆಂಟ್ ರಿಂಗುಗಳನ್ನು ಇಳಿಸಿ, ಸುತ್ತ ಜಲ್ಲಿ ತುಂಬಿದರು. ಇಷ್ಟು ಬಾವಿಯಲ್ಲಿ ಒಮ್ಮೆಗೆ 3,000 ಲೀಟರ್ ನಿಲ್ಲುತ್ತದೆ. ಬಾವಿಯ ಜಾಗವನ್ನು ನಾನು ಗೇಟಿನ ಎಡಕ್ಕೆ ಹೇಳಿದ್ದೆ; ಅಲ್ಲಿ ಒಳಚರಂಡಿಯ ಚೇಂಬರ್ ಇದೆ, ಅದು ಸೋರಿದರೆ ಕೊಳಚೆ ಬಾವಿಗಿಳಿಯುತ್ತದೆ ಎಂದು ಮೇಸ್ತ್ರಿ ಬಲಮೂಲೆಗೆ ಸರಿಸಿದರು. ಪಾಯದಿಂದಲೂ ಆದಷ್ಟು ದೂರ ಬಂತು.

ಖರ್ಚು ಕೇಳುವವರಿಗೆ: ಫಿಲ್ಟರ್, ಪೈಪು, ಎಲ್ಬೋ, ಕ್ಲಾಂಪ್, ಪೈಪಿನ ಬಾಯಿ ಮುಚ್ಚುವ ಎಂಡ್ ಕ್ಯಾಪ್ ಎಲ್ಲ ಸೇರಿ 14,000 ರೂಪಾಯಿ, ಬಾವಿ ರಿಂಗು ಸಮೇತ 24,000, ಮೇಸ್ತ್ರಿ ಮತ್ತು ಅಳಿಯನ ಕೂಲಿ 8,500. ಒಟ್ಟು 46,500. ಸಾಮಾನಿನ ರಸೀದಿಗಳನ್ನು ಕೇಳದೆಯೇ ಕೊಟ್ಟರು. ಕೂಲಿಗೆ ಮಾತ್ರ ರಸೀದಿಯೂ ಇಲ್ಲ, ಗ್ಯಾರಂಟಿಯೂ ಇಲ್ಲ, ‘ಫೋನ್ ಮಾಡಿ, ಬರುತ್ತೇನೆ’ ಎಂಬ ಮಾತಷ್ಟೇ. ಅಷ್ಟು ದುಡ್ಡಿಲ್ಲದವರು ಬಾವಿ ಬಿಟ್ಟು, ಪೈಪನ್ನು ಚೇಂಬರಿನಿಂದ ಬಿಡಿಸಿ ಮೋರಿಗೆ ತಿರುಗಿಸುವುದನ್ನಷ್ಟೇ ಮಾಡಿಸಬಹುದು. ನಮ್ಮ ಪೋರ್ಟಿಕೋ ಪೈಪಿಗೆ ಸಾಮಾನು, ಕೂಲಿ ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಹಾಗೆ ಮಾಡಿದರೆ ಕೆಳಮನೆಯವರ ಬಚ್ಚಲಿಗೆ ನುಗ್ಗುವುದು ಕಡಿಮೆಯಾಗುತ್ತದೆ, ರಾಜಕಾಲುವೆಯ ಹೊರೆ ಮಾತ್ರ ಇಳಿಯುವುದಿಲ್ಲ. ಯಾವುದು ಎಷ್ಟು ಮುಖ್ಯವೆಂದು ಅವರವರೇ ತೀರ್ಮಾನಿಸಲಿ.

ಕಾನೂನಿನ ಮಾತೂ ಇದೆ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿಯಾಗಿ, ಬೆಂಗಳೂರಿನಲ್ಲಿ 2,400 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗಳಿಗೂ, 1,200 ಚದರ ಅಡಿ ಮತ್ತು ಮೇಲಿನ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಮಾಡದಿದ್ದರೆ ನೀರಿನ ಬಿಲ್ಲಿನಲ್ಲೇ ದಂಡ ಬರುತ್ತದೆ. ನಮ್ಮದು ಹಳೆಯ ಚಿಕ್ಕ ಮನೆ, ನಮಗದು ಅನ್ವಯಿಸುವುದಿಲ್ಲ. ಕೆಲಸ ಮಾಡಿಸುವ ಮುನ್ನ ಕಣ್ಣಾರೆ ನೋಡಬೇಕೆನ್ನುವವರು ಜಯನಗರ 5ನೇ ಬ್ಲಾಕಿನ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕಿಗೆ ಹೋಗಿ. ಬಗೆಬಗೆಯ ಫಿಲ್ಟರುಗಳ ಮಾದರಿಗಳು ಅಲ್ಲಿವೆ. ಯಾವ ಫಿಲ್ಟರನ್ನು ಬಿಚ್ಚಿ ತೊಳೆಯುವುದು ನಿಮ್ಮ ಕೈಲಾಗುತ್ತದೆ ಎಂದು ಅಲ್ಲಿಯೇ ಯೋಚಿಸಿಕೊಳ್ಳಬಹುದು. ನಾನು ಹೋಗಿ ಬಂದದ್ದರಿಂದಲೇ ಮೇಸ್ತ್ರಿಯ ಜೊತೆ ಸಮಕ್ಕೆ ನಿಂತು ಮಾತಾಡಲು ಸಾಧ್ಯವಾಯಿತು.

ಕೆಲಸ ಮುಗಿದದ್ದು 2025ರ ಏಪ್ರಿಲ್ ಕೊನೆಗೆ. ಮೇ 18ರ ರಾತ್ರಿ ನಗರವನ್ನು ಮುಳುಗಿಸಿದ ಮಳೆ ಬಂತಲ್ಲ, ಹೊರಮಾವಿನ ಸಾಯಿ ಲೇಔಟಿನಲ್ಲಿ ಜನರನ್ನು ದೋಣಿಯಲ್ಲಿ ಕರೆತಂದರಲ್ಲ, ಅದೇ ನಮಗೆ ಪರೀಕ್ಷೆಯಾಯಿತು. ಕೊಡೆ ಹಿಡಿದು, ಟಾರ್ಚು ಹಾಕಿ ಚೇಂಬರಿನ ಮುಚ್ಚಳ ಸರಿಸಿ ನೋಡಿದೆ: ಮೇಲಿನ ಮನೆಯಲ್ಲಿ ಯಾರೋ ಪಾತ್ರೆ ತೊಳೆದ ನೀರು ಸಣ್ಣಗೆ ಹರಿಯುತ್ತಿತ್ತು, ಅಷ್ಟೇ. ಬಾವಿ ತುಂಬಿ ಮೇಲಿನ ರಿಂಗಿನವರೆಗೆ ಬಂದಿತ್ತು. ಮಾರನೆಯ ಮಧ್ಯಾಹ್ನದೊಳಗೆ ಅರ್ಧಕ್ಕಿಳಿದಿತ್ತು. ಸಂಪು ಗಂಟಲುಮಟ್ಟ ತುಂಬಿತ್ತು. 2024ರ ಮಾರ್ಚಿನಲ್ಲಿ ಟ್ಯಾಂಕರಿಗೆ ಕಾದು, ಅದೇ ವರ್ಷ ಜೂನ್ 2ರಂದು ಒಂದೇ ದಿನ ಬಿದ್ದ 111.1 ಮಿ.ಮೀ. ಮಳೆಯನ್ನು, ಜೂನ್ ತಿಂಗಳಿಗೆ ಶತಮಾನ ಮೀರಿದ ದಾಖಲೆಯ ಮಳೆಯನ್ನು, ಚರಂಡಿಗೆ ಕಳಿಸಿದ ಊರು ನಮ್ಮದು. ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಎಂದು ಹಿಡಿದರೆ ನಮ್ಮ ತಾರಸಿಯದೇ ಎಂಬತ್ತು ಸಾವಿರ ಲೀಟರ್ ಆಗುತ್ತದೆ. ಎಲ್ಲವನ್ನೂ ಹಿಡಿಯಲಾಗದು, ಹಿಡಿದಷ್ಟು ಲಾಭ.

ಇಳಿಜಾರಿನ ಕೊನೆಯ ಮ್ಯಾನ್‌ಹೋಲ್ ಆ ರಾತ್ರಿಯೂ ಉಕ್ಕಿತು. ಒಂದು ಮನೆ ಪೈಪು ಬಿಡಿಸಿದರೆ ಬೀದಿ ಒಣಗುವುದಿಲ್ಲ. ಹಾಗೆಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಇದು ಬೀದಿಯವರೆಲ್ಲ ಸೇರಿ ಮಾಡಿಸಬೇಕಾದ ಕೆಲಸ, ಅದರಲ್ಲೂ ದಿಬ್ಬದವರು ಮೊದಲು. ಕಷ್ಟವೆಂದರೆ ದಿಬ್ಬದವರಿಗೆ ನೀರು ನುಗ್ಗುವುದಿಲ್ಲ, ಹಾಗಾಗಿ ಯಾರಿಗೂ ಅವಸರವಿಲ್ಲ. ಎದುರು ಮನೆಯ ನಿವೃತ್ತ ಮೇಷ್ಟರು ‘ನಿಮಗೇನಮ್ಮ ಇದರಿಂದ ಲಾಭ?’ ಎಂದರು. ಸಂಪು ತೋರಿಸಿದೆ. ಕೆಳಮನೆಯವರ ಬಚ್ಚಲಿನ ವಿಷಯ ಹೇಳಿದಾಗ ಆಕಳಿಸಿದ್ದವರು, ಟ್ಯಾಂಕರ್ ದುಡ್ಡಿನ ಲೆಕ್ಕ ಹೇಳಿದ ಕೂಡಲೇ ಮೇಸ್ತ್ರಿಯ ನಂಬರ್ ಬರೆದುಕೊಂಡರು. ಆಗಲಿ, ಯಾವ ಕಾರಣಕ್ಕಾದರೂ ಬಿಡಿಸಲಿ.

ಇನ್ನು ದೂರುಗಳು. ಮೊದಲ ಮಳೆಯ ಕೊಳೆ ನೀರು ಸಂಪಿಗೆ ಹೋಗದಂತೆ ಹೊರಬಿಡಲು ಫಿಲ್ಟರಿಗೆ ಮುಂಚೆ ಒಂದು ವಾಲ್ವ್ ಇಟ್ಟಿದ್ದಾರೆ. ಅದನ್ನು ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಗೋಡೆಗೂ ಪೈಪಿಗೂ ನಡುವೆ ಇಟ್ಟಿದ್ದಾರೆ. ಅರವತ್ತು ದಾಟಿದವಳು ಮಳೆಯಲ್ಲಿ ಬಗ್ಗಿ ಕೈ ತೂರಿಸಿ ತಿರುಗಿಸಬೇಕು. ಹೇಳಿದ್ದಕ್ಕೆ, ನೀರೆಲ್ಲ ಬಸಿದು ಹೋಗಬೇಕಾದರೆ ವಾಲ್ವ್ ಕೆಳಗೇ ಇರಬೇಕು ಎಂದರು. ಇರಬಹುದು, ಕೈ ಹೋಗುವಷ್ಟು ಜಾಗವನ್ನಾದರೂ ಬಿಡಬಹುದಿತ್ತು. ಚೇಂಬರಿನ ಕಡೆಯ ಎಂಡ್ ಕ್ಯಾಪ್ ಒಂದು ಸಡಿಲವಾಗಿ ಮನೆಯೆಲ್ಲ ನಾತ ಬಂತು. ಸರಿ ಮಾಡಲು ಬರುತ್ತೇನೆಂದವರು ಇವತ್ತು ನಾಳೆ ಎಂದು ಎಳೆದಾಡಿ ಬಂದರು. ಬಂದಮೇಲೆ ದುಡ್ಡು ಕೇಳಲಿಲ್ಲ.

ಅಂಗಳ ಒಡೆದದ್ದನ್ನು ಮುಚ್ಚಿದ ರೀತಿ ಮಾತ್ರ ನೋಡಲಾಗದು. ಕೆಂಪು ಟೈಲ್ಸಿನ ನಡುವೆ ಬೂದಿ ಬಣ್ಣದ ಸಿಮೆಂಟಿನ ಪಟ್ಟಿ ಗೇಟಿನಿಂದ ಸಂಪಿನವರೆಗೆ ಸೊಟ್ಟಗೆ ಎಳೆದಿದೆ, ರಂಗೋಲಿ ಹಾಕುವ ಜಾಗದಲ್ಲೇ. ಟೈಲ್ಸ್ ಅವರ ಕೆಲಸವಲ್ಲ, ಅದನ್ನು ಬೇರೆಯವರಿಗೆ ಕೊಡಿ, ಒಡೆಯುವ ಮೊದಲೇ ಒಂದೆರಡು ಟೈಲ್ಸ್ ಎತ್ತಿಟ್ಟುಕೊಳ್ಳಿ.

ಮಾಡಿಸುವವರು ಇದನ್ನೂ ತಿಳಿದಿರಿ: ಫಿಲ್ಟರ್ ಹಾಕಿಸಿ ಮರೆಯುವಂತಿಲ್ಲ. ನಮ್ಮ ಬೀದಿಯಲ್ಲಿ ಹೊಂಗೆ ಮರಗಳಿವೆ. ಹೂ ಉದುರುವ ಕಾಲಕ್ಕೆ ತಾರಸಿಯ ಜಾಲರಿ ಒಂದೇ ಗಾಳಿಗೆ ಮುಚ್ಚಿಹೋಗುತ್ತದೆ. ಹಾಗೆ ಮುಚ್ಚಿ ತಾರಸಿಯಲ್ಲಿ ನೀರು ನಿಂತರೆ ಸೋರಿಕೆಯ ದೂರು ಮೊದಲು ಬರುವುದು ಮೇಲಿನ ಮನೆಯಿಂದ. ತಾರಸಿ ಗುಡಿಸುವ ಕೆಲಸವನ್ನು ಬಾಡಿಗೆಯವರ ಜೊತೆ ಹಂಚಿಕೊಂಡಿದ್ದೇವೆ, ಬದಲಿಗೆ ಅವರ ನೀರಿನ ಪಾಲಿನ ಬಿಲ್ಲಿನಲ್ಲಿ ಸ್ವಲ್ಪ ಬಿಟ್ಟಿದ್ದೇನೆ. ಬಾವಿಯ ಮುಚ್ಚಳಕ್ಕೆ ಬೀಗ ಹಾಕಿಸಿ, ಮಕ್ಕಳಿರುವ ಮನೆಯಾದರೆ ತಪ್ಪದೆ. ಮೇಸ್ತ್ರಿಯನ್ನು ಯುಗಾದಿಗೆ ಮುಂಚೆಯೇ ಹಿಡಿಯಿರಿ. ಮೊದಲ ಗುಡುಗು ಕೇಳಿಸಿದ ಮೇಲೆ ಅವರು ಫೋನ್ ಎತ್ತುವುದಿಲ್ಲ.